ನೆರಳಿನಲ್ಲಿ ಸಿಕ್ಕ ಅಲೆ

ಶಾಲೆಯಲ್ಲಿ ನಾವೆಲ್ಲ ಆ ಚಿತ್ರ ಬಿಡಿಸಿದ್ದೇವೆ. ಕೈವಾರ ಹಿಡಿದು ಒಂದರೊಳಗೊಂದು ವೃತ್ತ. ಹೊರಗಿನದು ಭೂಕವಚ, ಅದರ ಕೆಳಗೆ ಮ್ಯಾಂಟಲ್, ಆಮೇಲೆ ಹೊರ ಕೇಂದ್ರಗೋಳ, ನಟ್ಟನಡುವೆ ಒಳ ಕೇಂದ್ರಗೋಳ. ನಡುವಿನದಕ್ಕೆ ಕೆಂಪು ಬಣ್ಣ. ಹೆಸರು ಸರಿಯಾಗಿ ಬರೆದರೆ ಅಂಕ ಬರುತ್ತಿತ್ತು, ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು. ಅಲ್ಲಿಗೆ ಯಾರು ಹೋಗಿ ನೋಡಿ ಬಂದರು ಎಂದು ನಮ್ಮಲ್ಲಿ ಯಾರೂ ಮೇಷ್ಟ್ರನ್ನು ಕೇಳಿದ ನೆನಪಿಲ್ಲ. ಮುಂದೆ ಪತ್ರಿಕೋದ್ಯಮ ಓದುವಾಗ, ಯಾರು ಏನೇ ಹೇಳಿದರೂ ‘ನಿಮಗೆ ಹೇಗೆ ಗೊತ್ತು?’ ಎಂದು ಮೊದಲು ಕೇಳಬೇಕು ಎಂದು ಕಲಿತೆವು. ಆ ಚಿತ್ರವನ್ನು ಮಾತ್ರ ಆಗಲೂ ಕೇಳಲಿಲ್ಲ.

ಯಾರೂ ಹೋಗಿಲ್ಲ. ಹೋಗುವ ಹಾಗೂ ಇಲ್ಲ. ನಮ್ಮ ಕೋಲಾರದ ಚಿನ್ನದ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟಕ್ಕೇ ಒಳಗಿನ ಬಂಡೆ ಕೈಯಿಟ್ಟರೆ ಸುಡುವಂತಿರುತ್ತಿತ್ತು. ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿ ವಿಜ್ಞಾನಿಗಳು ಕೊರೆದ ರಂಧ್ರ 1989ರ ಹೊತ್ತಿಗೆ 12 ಕಿ.ಮೀ. ದಾಟಿತ್ತು. ಅಲ್ಲಿಂದ ಮುಂದೆ ಆಗಲಿಲ್ಲ. ಭೂಮಿಯ ನಡುಬಿಂದು ಇರುವುದು 6,371 ಕಿ.ಮೀ. ಕೆಳಗೆ. ಭೂಮಿಯನ್ನು ಒಂದು ಮಾವಿನಹಣ್ಣು ಎಂದುಕೊಂಡರೆ ಮನುಷ್ಯ ಇನ್ನೂ ಅದರ ಸಿಪ್ಪೆಯನ್ನೇ ದಾಟಿಲ್ಲ. ಒಳಗೆ ವಾಟೆ ಇದೆ, ಅದು ಇಷ್ಟು ದಪ್ಪ ಇದೆ ಎಂದು ಹೇಳುವುದಾದರೂ ಹೇಗೆ?

ಆ ವಾಟೆ ಇದೆ ಎಂದು ಮೊದಲು ಹೇಳಿದವರು ಡೆನ್ಮಾರ್ಕಿನ ಇಂಗೆ ಲೇಮನ್. 1936ರಲ್ಲಿ ಅವರು ಪ್ರಕಟಿಸಿದ ಪ್ರಬಂಧಕ್ಕೆ ವಿಜ್ಞಾನದ ಇತಿಹಾಸದಲ್ಲೇ ಬಹಳ ಚಿಕ್ಕದೆನ್ನಬಹುದಾದ ತಲೆಬರಹ ಇತ್ತು. ಇಂಗ್ಲಿಷಿನ ‘ಪಿ’ ಅಕ್ಷರ, ಅದರ ತಲೆಯ ಪಕ್ಕ ಒಂದು ಸಣ್ಣ ಗೀಟು. ಓದುವುದು ‘ಪಿ ಪ್ರೈಮ್’ ಎಂದು. ಅಷ್ಟೇ. ಆ ಗೀಟಿನ ಹಿಂದಿನ ಕಥೆ ನಮಗೆ ಇಷ್ಟವಾಗಲು ಒಂದು ಕಾರಣವಿದೆ. ಬೇರೆಯವರು ಲೆಕ್ಕಕ್ಕೆ ಹೊಂದುವುದಿಲ್ಲವೆಂದು ಹೇಗೋ ಸಮಾಧಾನ ಹೇಳಿಕೊಂಡು ಬಿಟ್ಟಿದ್ದ ನಾಲ್ಕಾರು ಸಣ್ಣ ಅಲುಗಾಟಗಳನ್ನು ಆಕೆ ಬಿಡಲಿಲ್ಲ.

ಆ ಅಲುಗಾಟ ಏನೆಂದು ತಿಳಿಯಲು ಮೊದಲು ಕಂಪನದ ಅಲೆಗಳ ವಿಷಯ ಸ್ವಲ್ಪ ಹೇಳಬೇಕು. ಅದು ಆರಂಭವಾಗುವುದು, ಬಹುಮಟ್ಟಿಗೆ, ಭಾರತದಲ್ಲಿ.

1897ರ ಜೂನ್ 12ರ ಸಂಜೆ ಅಸ್ಸಾಮಿನಲ್ಲಿ ಭಾರಿ ಭೂಕಂಪವಾಯಿತು. ಶಿಲ್ಲಾಂಗಿನಲ್ಲಿ ಕಲ್ಲಿನ ಕಟ್ಟಡಗಳು ನೆಲಸಮವಾದವು. ಸುತ್ತಲಿನ ಪ್ರಾಂತ್ಯದಲ್ಲಿ 1,500ಕ್ಕೂ ಹೆಚ್ಚು ಜನ ಸತ್ತರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಅದರ ತನಿಖೆ ಮಾಡಿದರು. ಅವರ ತಂದೆ ಥಾಮಸ್ ಓಲ್ಡ್‌ಹ್ಯಾಮ್ ಅದೇ ಸಂಸ್ಥೆಯ ಮೊದಲ ಮುಖ್ಯಸ್ಥರಾಗಿದ್ದವರು. ಮಗ ಬಿರುಕುಗಳನ್ನು, ನೆಲದಿಂದ ಮೇಲಕ್ಕೆ ಚಿಮ್ಮಿಬಿದ್ದ ಬಂಡೆಗಳನ್ನು, ಜನರ ಹೇಳಿಕೆಗಳನ್ನು ಕೂಡಿಹಾಕಿ 1899ರಲ್ಲಿ ದಪ್ಪನೆಯ ವರದಿ ಬರೆದರು. ಕ್ಷೇತ್ರಕ್ಕೆ ಹೋಗಿ ವರದಿ ಮಾಡುವುದು ಅಂದರೆ ಏನು ಎಂದು ತಿಳಿಯಬೇಕಾದವರಿಗೆ ಅದು ಈಗಲೂ ಮಾದರಿ.

ಆದರೆ ವರದಿಯಲ್ಲಿ ಇನ್ನೊಂದು ವಿಷಯವಿತ್ತು. ಅಸ್ಸಾಮಿನ ನಡುಕವನ್ನು ಸಾವಿರಾರು ಕಿಲೋಮೀಟರ್ ಆಚೆ ಇಟಲಿಯ ಉಪಕರಣಗಳು ಬರೆದುಕೊಂಡಿದ್ದವು. ಇಂಥದ್ದು ಸಾಧ್ಯ ಎಂದು ತಿಳಿದು ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ. 1889ರಲ್ಲಿ ಜರ್ಮನಿಯ ಪೋಟ್ಸ್‌ಡಾಮ್‌ನಲ್ಲಿ ಬೇರೆ ಯಾವುದೋ ಅಳತೆಗೆ ಇಟ್ಟಿದ್ದ ಲೋಲಕ ಜಪಾನಿನ ಭೂಕಂಪಕ್ಕೆ ಅಲುಗಾಡಿದ್ದೇ ಮೊದಲು. ಇಟಲಿಯ ದಾಖಲೆಗಳನ್ನು ನೋಡಿದ ಓಲ್ಡ್‌ಹ್ಯಾಮ್, ಅಲೆಗಳು ಮೂರು ಗುಂಪಾಗಿ ಬರುತ್ತವೆ ಎಂದು ಗುರುತಿಸಿದರು. ಮೊದಲು ಬರುವುದು ಪ್ರಾಥಮಿಕ ಅಲೆ, ಅಂದರೆ ಪಿ. ಆಮೇಲೆ ದ್ವಿತೀಯಕ ಅಲೆ, ಎಸ್. ಇವೆರಡೂ ಭೂಮಿಯ ಒಳಗಿನಿಂದ ಹಾದುಬರುತ್ತವೆ. ಮೂರನೆಯದು ನೆಲದ ಮೇಲ್ಮೈಯನ್ನೇ ಹಿಡಿದು ನಿಧಾನವಾಗಿ ಬರುವ ದೊಡ್ಡ ಅಲೆ.

ಪಿ ಅಲೆ ಗೂಡ್ಸ್ ರೈಲಿನ ಹಾಗೆ. ಎಂಜಿನ್ ಹಿಂದಕ್ಕೆ ತಳ್ಳಿದರೆ ಒಂದು ಡಬ್ಬಿ ಇನ್ನೊಂದಕ್ಕೆ ಗುದ್ದಿ ಆ ಗುದ್ದು ಕೊನೆಯ ಡಬ್ಬಿಯವರೆಗೆ ಹೋಗುತ್ತದಲ್ಲ, ಹಾಗೆ. ಎಸ್ ಅಲೆ ಹಗ್ಗದ ಒಂದು ತುದಿ ಹಿಡಿದು ಒದರಿದ ಹಾಗೆ; ಅಲುಗಾಟ ಅಡ್ಡಡ್ಡಕ್ಕೆ. ಒಂದು ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಗುದ್ದು ನೀರಿನಲ್ಲೂ ಹೋಗುತ್ತದೆ, ಒದರುವಿಕೆ ಹೋಗುವುದಿಲ್ಲ. ನೀರನ್ನು ಹಗ್ಗದ ಹಾಗೆ ಒದರಲಾಗದು.

1906ರಲ್ಲಿ, ಭಾರತದ ಕೆಲಸದಿಂದ ನಿವೃತ್ತರಾದ ಮೇಲೆ, ಓಲ್ಡ್‌ಹ್ಯಾಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಭೂಮಿಯ ಬಹಳ ಆಳಕ್ಕೆ ಇಳಿದು ಬರುವ ಅಲೆಗಳು ಬರಬೇಕಾದ ಹೊತ್ತಿಗಿಂತ ತಡವಾಗಿ ಬರುತ್ತಿದ್ದವು. ಅಂದರೆ ನಡುವೆ ಅಲೆಯನ್ನು ನಿಧಾನಗೊಳಿಸುವ ಬೇರೆಯದೇ ವಸ್ತು ಇರಬೇಕು. ಭೂಮಿಗೆ ಒಂದು ಕೇಂದ್ರಗೋಳವಿದೆ ಎಂದರು. ಕೆಲವೇ ವರ್ಷಗಳಲ್ಲಿ ಜರ್ಮನಿಯ ಬೆನೊ ಗುಟೆನ್‌ಬರ್ಗ್ ಅದರ ಅಂಚು ಸುಮಾರು 2,900 ಕಿ.ಮೀ. ಆಳದಲ್ಲಿದೆ ಎಂದು ಲೆಕ್ಕ ಹಾಕಿದರು. ಇವತ್ತಿಗೂ ಆ ಅಂಕಿ ಹೆಚ್ಚುಕಡಿಮೆ ಹಾಗೇ ಇದೆ. 1926ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಜೆಫ್ರೀಸ್, ಈ ಕೇಂದ್ರಗೋಳ ದ್ರವ ಎಂದು ವಾದಿಸಿದರು. ಆ ಹೊತ್ತಿಗೆ ಭೂಮಿಯ ಚಿತ್ರ ಹೀಗಿತ್ತು: ಹೊರಗೆ ಗಟ್ಟಿ ಬಂಡೆ, ಒಳಗೆ ಒಂದೇ ಒಂದು ದೊಡ್ಡ ಕರಗಿದ ಗೋಳ.

ಈ ಚಿತ್ರದಲ್ಲಿ ಒಂದು ನೆರಳು ಇತ್ತು. ನೀರಿಗಿಳಿಸಿದ ಕೋಲು ಬಾಗಿದಂತೆ ಕಾಣುವುದು ಬೆಳಕು ನೀರಿನಲ್ಲಿ ನಿಧಾನವಾಗಿ ಹೋಗುವುದರಿಂದ. ಕಂಪನದ ಅಲೆಯೂ ಕೇಂದ್ರಗೋಳವನ್ನು ಹೊಕ್ಕಾಗ ನಿಧಾನವಾಗಿ, ಒಳಮುಖಕ್ಕೆ ಬಾಗುತ್ತದೆ. ಹಾಗಾಗಿ ಒಂದು ಕಡೆ ಭೂಕಂಪವಾದರೆ, ಅಲ್ಲಿಂದ ಸುಮಾರು 104 ಡಿಗ್ರಿಯವರೆಗಿನ ಊರುಗಳಿಗೆ ಪಿ ಅಲೆ ನೇರವಾಗಿ ಬರುತ್ತದೆ. ಕೇಂದ್ರಗೋಳವನ್ನು ಹಾದು ಬಾಗಿದ ಅಲೆಗಳು ಬಹಳ ಆಚೆ, ಸುಮಾರು 142 ಡಿಗ್ರಿಯ ನಂತರ ಮೇಲೆ ಬರುತ್ತವೆ. ನಡುವಿನ ಪಟ್ಟಿಗೆ ಏನೂ ಬರಬಾರದು. ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿ.ಮೀ.; ಅಂದರೆ 4,000 ಕಿ.ಮೀ.ಗೂ ಅಗಲದ ಪಟ್ಟಿ. ಇದಕ್ಕೆ ನೆರಳು ವಲಯ ಎಂದು ಹೆಸರು.

ಬರಬಾರದು, ಆದರೆ ಬರುತ್ತಿತ್ತು. ನೆರಳು ವಲಯದಲ್ಲಿದ್ದ ನಿಲ್ದಾಣಗಳ ಕಾಗದದ ಮೇಲೆ ಆಗಾಗ ಸಣ್ಣ ಸಣ್ಣ ಪಿ ಅಲೆಗಳು ಕಾಣಿಸುತ್ತಿದ್ದವು. ಇದು ಗುಟ್ಟೇನೂ ಆಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ವಿವರಣೆಯೂ ಸಿದ್ಧವಿತ್ತು. ಬಾಗಿಲ ಮರೆಯಲ್ಲಿ ನಿಂತವರಿಗೂ ಸ್ವಲ್ಪ ಬೆಳಕು ಬೀಳುವ ಹಾಗೆ, ಕೇಂದ್ರಗೋಳದ ಅಂಚನ್ನು ಬಳಸಿಕೊಂಡು ಒಂದಿಷ್ಟು ಕಂಪನ ಸೋರಿ ಬರುತ್ತದೆ ಎನ್ನುತ್ತಿದ್ದರು. ದೊಡ್ಡವರು ಒಪ್ಪಿದ ವಿವರಣೆ. ಅಲ್ಲಿಗೆ ಮಾತು ಮುಗಿದಿತ್ತು.

ಇಲ್ಲಿ ನಮ್ಮ ಕೆಲಸದ್ದೇ ಒಂದು ಮಾತು. ಹೋಬಳಿಯಿಂದ ಬಂದ ಒಂದು ಅಂಕಿ ಉಳಿದ ಹೋಬಳಿಗಳ ಅಂಕಿಗಳ ಜೊತೆ ಹೊಂದದಿದ್ದರೆ ಪತ್ರಿಕೆಯ ಡೆಸ್ಕಿನಲ್ಲಿ ‘ತಪ್ಪಿರಬೇಕು ಬಿಡಿ’ ಎಂದು ತೆಗೆದುಹಾಕುತ್ತಾರೆ. ಎಷ್ಟೋ ಸಲ ಅದು ತಪ್ಪೇ ಆಗಿರುತ್ತದೆ, ಸುಳ್ಳು ಹೇಳಬಾರದು. ತಪ್ಪೋ ನಿಜವೋ ಎಂದು ತಿಳಿಯಲು ಆ ಅಂಕಿ ಬರೆದವರು ಯಾರು, ಅವರ ಮಳೆಮಾಪಕ ಹೇಗಿದೆ, ಅವರು ಯಾವ ಹೊತ್ತಿಗೆ ಓದುತ್ತಾರೆ ಎಂಬುದೆಲ್ಲ ಗೊತ್ತಿರಬೇಕು. ಕಂಪನದ ವಿಷಯದಲ್ಲಿ ಇದೆಲ್ಲ ಗೊತ್ತಿದ್ದ ಒಬ್ಬರು ಕೋಪನ್‌ಹೇಗನ್ನಿನಲ್ಲಿದ್ದರು.

ಇಂಗೆ ಲೇಮನ್ ಹುಟ್ಟಿದ್ದು 1888ರ ಮೇ 13ರಂದು. ತಂದೆ ಆಲ್‌ಫ್ರೆಡ್ ಲೇಮನ್ ಮನಶ್ಶಾಸ್ತ್ರದ ಪ್ರಾಧ್ಯಾಪಕ. ಆಕೆ ಓದಿದ ಶಾಲೆಯನ್ನು ನಡೆಸುತ್ತಿದ್ದವರು ಹನ್ನಾ ಆಡ್ಲರ್, ಭೌತವಿಜ್ಞಾನಿ ನೀಲ್ಸ್ ಬೋರ್ ಅವರ ದೊಡ್ಡಮ್ಮ. ಆ ಶಾಲೆಯಲ್ಲಿ ಹುಡುಗ ಹುಡುಗಿಯರಿಗೆ ಒಂದೇ ಪಾಠ, ಒಂದೇ ಆಟ. ಹೊಲಿಗೆಯನ್ನೂ ಇಬ್ಬರಿಗೂ ಕಲಿಸುತ್ತಿದ್ದರು. ಬುದ್ಧಿಯಲ್ಲಿ ಗಂಡು ಹೆಣ್ಣೆಂಬ ಭೇದವನ್ನು ಅಲ್ಲಿ ಯಾರೂ ಮಾಡುತ್ತಿರಲಿಲ್ಲ, ಹೊರಗಿನ ಪ್ರಪಂಚ ಹಾಗಿಲ್ಲ ಎಂದು ಆಮೇಲೆ ಗೊತ್ತಾದಾಗ ನಿರಾಸೆಯಾಯಿತು ಎಂದು ಲೇಮನ್ ಮುಂದೆ ನೆನಪಿಸಿಕೊಂಡಿದ್ದಾರೆ.

ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಲು ಸೇರಿ, 1910ರಲ್ಲಿ ಕೇಂಬ್ರಿಜ್‌ಗೆ ಹೋದರು. ಅತಿಯಾದ ಓದಿನಿಂದ ಆರೋಗ್ಯ ಕೆಟ್ಟು ಮುಂದಿನ ವರ್ಷದ ಕೊನೆಗೆ ಊರಿಗೆ ಮರಳಬೇಕಾಯಿತು. ಆಮೇಲೆ ಹಲವು ವರ್ಷ ವಿಮೆಯ ಲೆಕ್ಕ ಹಾಕುವ ಕಚೇರಿಯೊಂದರಲ್ಲಿ ಕೆಲಸ. ಪದವಿ ಮುಗಿದದ್ದು 1920ರಲ್ಲಿ, 32ನೇ ವಯಸ್ಸಿಗೆ. ಜೀವನಚರಿತ್ರೆಗಳಲ್ಲಿ ಈ ವರ್ಷಗಳನ್ನು ವ್ಯರ್ಥವಾದವು ಎಂಬಂತೆ ದಾಟಿಸುತ್ತಾರೆ. ನಮಗೆ ಹಾಗನಿಸುವುದಿಲ್ಲ. ವಿಮೆಯ ಲೆಕ್ಕವೆಂದರೆ ಸಾವಿರಾರು ಅಪೂರ್ಣ, ಅನುಮಾನದ ಅಂಕಿಗಳಿಂದ ನಂಬಬಹುದಾದ ಒಂದು ಅಂದಾಜು ತೆಗೆಯುವುದು. ಯಾವ ಅಂಕಿಗೆ ಎಷ್ಟು ತೂಕ ಕೊಡಬೇಕು ಎಂಬ ವಿದ್ಯೆಯನ್ನು ಆಕೆ ಕಲಿತದ್ದು ಅಲ್ಲಿ.

1925ರಲ್ಲಿ ಭೂಮಾಪನ ಸಂಸ್ಥೆಯ ನಿರ್ದೇಶಕ ನೀಲ್ಸ್ ಎರಿಕ್ ನೋರ್ಲುಂಡ್ ಅವರ ಸಹಾಯಕಿಯಾಗಿ ಸೇರಿದರು. ನೋರ್ಲುಂಡ್‌ಗೆ ಡೆನ್ಮಾರ್ಕಿನಲ್ಲೂ ಗ್ರೀನ್‌ಲ್ಯಾಂಡಿನಲ್ಲೂ ಭೂಕಂಪ ನಿಲ್ದಾಣಗಳನ್ನು ತೆರೆಯುವ ಯೋಜನೆಯಿತ್ತು. ಕೋಪನ್‌ಹೇಗನ್ನಿನಲ್ಲಿ ಉಪಕರಣ ಜೋಡಿಸುವ ಕೆಲಸಕ್ಕೆ ಆಕೆಯ ಜೊತೆಗಿದ್ದವರು ಮೂವರು ಯುವಕರು, ಒಬ್ಬರೂ ಅದುವರೆಗೆ ಭೂಕಂಪಮಾಪಕವನ್ನು ಕಣ್ಣಿಂದ ನೋಡಿದವರಲ್ಲ. ಕೆಲಸ ಮಾಡುತ್ತಲೇ ಕಲಿತರು. 1927ರಲ್ಲಿ ಮೂರು ತಿಂಗಳು ಯುರೋಪಿನ ನಿಲ್ದಾಣಗಳನ್ನು ಸುತ್ತಿಬಂದರು. ಅದರಲ್ಲಿ ಒಂದು ತಿಂಗಳು ಗುಟೆನ್‌ಬರ್ಗ್ ಅವರ ಬಳಿ. ಮರುವರ್ಷ ಹೊಸದಾಗಿ ಆರಂಭವಾದ ಡೆನ್ಮಾರ್ಕಿನ ಭೂಮಾಪನ ಸಂಸ್ಥೆಯಲ್ಲಿ ಭೂಕಂಪ ವಿಭಾಗದ ಮುಖ್ಯಸ್ಥೆಯಾದರು.

ಮುಖ್ಯಸ್ಥೆ ಎಂದರೆ ದೊಡ್ಡ ಕಚೇರಿ, ಕೈಕೆಳಗೆ ಹತ್ತಾರು ಜನ ಎಂದುಕೊಳ್ಳಬೇಡಿ. ಕೋಪನ್‌ಹೇಗನ್ ಒಂದು ನಿಲ್ದಾಣ, ಗ್ರೀನ್‌ಲ್ಯಾಂಡಿನಲ್ಲಿ ಎರಡು: ಇವಿಗ್ಟುಟ್ ಮತ್ತು ಸ್ಕೋರ್ಸ್‌ಬಿಸುಂಡ್. ಎರಡನೆಯದು ವರ್ಷದ ಬಹುಪಾಲು ಮಂಜುಗಡ್ಡೆಯಲ್ಲಿ ಮುಚ್ಚಿಹೋಗುವ, ಬೇಸಿಗೆಯಲ್ಲಿ ಮಾತ್ರ ಹಡಗು ಮುಟ್ಟುವ ಊರು. ಅಲ್ಲಿ ಉಪಕರಣ ನೋಡಿಕೊಳ್ಳುವವರಿಗೆ ಹೇಳಿಕೊಡುವುದು, ಕೆಟ್ಟರೆ ಸರಿಪಡಿಸುವ ದಾರಿ ಹುಡುಕುವುದು, ಬಂದ ದಾಖಲೆಗಳನ್ನು ಓದುವುದು, ಯಾವ ಅಲೆ ಎಷ್ಟು ಗಂಟೆ ಎಷ್ಟು ನಿಮಿಷ ಎಷ್ಟು ಸೆಕೆಂಡಿಗೆ ಬಂತು ಎಂದು ಪಟ್ಟಿ ಮಾಡಿ ಪ್ರಕಟಿಸುವುದು. ಇದು ಕೆಲಸ. ಸಹಾಯಕರು ಇದ್ದರೂ ಅಷ್ಟಕ್ಕಷ್ಟೆ. ಸಂಶೋಧನೆ ಆಕೆಯ ಕೆಲಸದ ಪಟ್ಟಿಯಲ್ಲೇ ಇರಲಿಲ್ಲ. ಮಾಡಬಾರದು ಎಂದೂ ಇರಲಿಲ್ಲ, ಹಾಗಾಗಿ ಮಾಡಿದರು.

ಆಗಿನ ಭೂಕಂಪಮಾಪಕ ಹೇಗಿರುತ್ತಿತ್ತು? ಸರಳವಾಗಿ ಹೇಳುವುದಾದರೆ ತೂಗುಬಿಟ್ಟ ಒಂದು ಭಾರ. ನೆಲ ಅಲುಗಿದರೂ ಭಾರ ತನ್ನ ಜಡತ್ವದಿಂದ ಇದ್ದಲ್ಲೇ ಇರಲು ನೋಡುತ್ತದೆ. ಎರಡರ ನಡುವಿನ ಈ ವ್ಯತ್ಯಾಸ ತಿರುಗುವ ಉರುಳೆಯ ಕಾಗದದ ಮೇಲೆ ಗೆರೆಯಾಗಿ ಬೀಳುತ್ತದೆ. ಕೆಲವು ಉಪಕರಣಗಳು ಮಸಿ ಹಿಡಿಸಿದ ಕಾಗದದ ಮೇಲೆ ಮುಳ್ಳಿನಿಂದ ಗೀಚುತ್ತಿದ್ದವು. ರಷ್ಯಾದ ಬೋರಿಸ್ ಗ್ಯಾಲಿಟ್ಸಿನ್ ರೂಪಿಸಿದ ಮಾದರಿಯಲ್ಲಿ ನೆಲದ ಅಲುಗಾಟ ವಿದ್ಯುತ್ತಾಗಿ, ಬೆಳಕಿನ ಚುಕ್ಕಿಯಾಗಿ, ಫೋಟೊ ಕಾಗದದ ಮೇಲೆ ಮೂಡುತ್ತಿತ್ತು. ಇದು ಬಹಳ ಸೂಕ್ಷ್ಮ. ಎಷ್ಟು ಸೂಕ್ಷ್ಮವಿದ್ದರೂ ಗಡಿಯಾರ ಸರಿಯಿಲ್ಲದಿದ್ದರೆ ಎಲ್ಲವೂ ದಂಡ. ಕೆಲವು ಸೆಕೆಂಡು ತಪ್ಪಿದರೆ ಅಲೆ ಬಂದ ದಾರಿಯೇ ಬೇರೆ ಎಂದು ಲೆಕ್ಕ ಹೇಳುತ್ತದೆ. ಗೆರೆ ಓದುವವರ ಕಣ್ಣೂ ಮುಖ್ಯ. ಸಣ್ಣ ಅಲೆ ಎಲ್ಲಿ ಶುರುವಾಯಿತು ಎಂಬಲ್ಲಿ ಇಬ್ಬರು ಓದುಗರು ಒಪ್ಪುವುದು ಕಷ್ಟ.

ಹೀಗಾಗಿ ಲೇಮನ್ ಬೇರೆ ನಿಲ್ದಾಣಗಳ ಪಟ್ಟಿಗಳನ್ನು ಸುಮ್ಮನೆ ನಂಬುತ್ತಿರಲಿಲ್ಲ, ಸುಮ್ಮನೆ ತಳ್ಳಿಯೂ ಹಾಕುತ್ತಿರಲಿಲ್ಲ. ಯಾವ ನಿಲ್ದಾಣದ ಓದು ಎಷ್ಟು ಸರಿ ಇರುತ್ತದೆ ಎಂದು ಹೋಲಿಸಿ ನೋಡುತ್ತಿದ್ದರು. ಸಾಧ್ಯವಾದರೆ ಮೂಲ ಕಾಗದವನ್ನೇ ತರಿಸಿಕೊಂಡು ಪಕ್ಕಪಕ್ಕ ಇಟ್ಟು ಓದುತ್ತಿದ್ದರು.

1929ರ ಜೂನ್ 17ರಂದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಮರ್ಚಿಸನ್ ಎಂಬಲ್ಲಿ ದೊಡ್ಡ ಭೂಕಂಪವಾಯಿತು. ಗುಡ್ಡಗಳು ಜಾರಿ ಕಣಿವೆಗಳಿಗೆ ಬಿದ್ದವು, 17 ಜನ ಸತ್ತರು. ಭೂಪಟದಲ್ಲಿ ನ್ಯೂಜಿಲೆಂಡ್ ಯುರೋಪಿಗೆ ಹೆಚ್ಚುಕಡಿಮೆ ಬೆನ್ನಹಿಂದೆ ಇದೆ. ಹಾಗಾಗಿ ಅಲ್ಲಿಯ ಅಲೆ ಯುರೋಪಿಗೆ ಬರಬೇಕಾದರೆ ಭೂಮಿಯ ನಡುವಿನಿಂದಲೇ ಹಾದು ಬರಬೇಕು. ಲೇಮನ್ ಅವರಿಗೆ ಇಂಥದ್ದೇ ಬೇಕಿತ್ತು.

ಈ ಭೂಕಂಪವನ್ನು ರಷ್ಯಾದ ಇರ್ಕುಟ್‌ಸ್ಕ್ ಮತ್ತು ಸ್ವೆರ್ಡ್‌ಲೋವ್‌ಸ್ಕ್ ನಿಲ್ದಾಣಗಳೂ ದಾಖಲಿಸಿದ್ದವು. ಮರ್ಚಿಸನ್‌ನಿಂದ ಮೊದಲನೆಯದು ಸುಮಾರು 110 ಡಿಗ್ರಿ, ಎರಡನೆಯದು ಸುಮಾರು 135 ಡಿಗ್ರಿ ದೂರ. ಎರಡೂ ನೆರಳು ವಲಯದ ಒಳಗೆ. ಅಲ್ಲಿನ ಕಾಗದಗಳಲ್ಲಿ ಪಿ ಅಲೆ ಕಂಡಿತು. ಕೇಂದ್ರಗೋಳದ ಅಂಚನ್ನು ಬಳಸಿ ಸೋರಿಬಂದ ಕಂಪನವೆನ್ನಲು ಅದು ತೀರಾ ಸ್ಪಷ್ಟವಾಗಿತ್ತು. ಒಂದು ಕಡೆ ಮಾತ್ರ ಆಗಿದ್ದರೆ ಗಡಿಯಾರದ ತಪ್ಪು ಎನ್ನಬಹುದಿತ್ತು. ಈ ಅಲೆಗಳ ಸಮಯಗಳು ದೂರಕ್ಕೆ ತಕ್ಕಂತೆ ಒಂದು ಕ್ರಮದಲ್ಲಿ ಕೂಡುತ್ತಿದ್ದವು. ಸೋರಿಕೆಗೆ ಇಂಥ ಶಿಸ್ತು ಎಲ್ಲಿಯದು?

ಲೇಮನ್ ಆಗ ಮಾಡಿದ್ದು, ಬರೆಯಲು ಕೂತರೆ, ಬಹಳ ಸರಳ. ಭೂಮಿಯ ನಿಜವಾದ ಗೋಜಲುಗಳನ್ನೆಲ್ಲ ಬದಿಗಿಟ್ಟು ಒಂದು ಬೊಂಬೆ ಭೂಮಿಯನ್ನು ಕಲ್ಪಿಸಿಕೊಂಡರು. ಮ್ಯಾಂಟಲ್‌ನಲ್ಲಿ ಪಿ ಅಲೆಯ ವೇಗ ಎಲ್ಲ ಕಡೆ ಸೆಕೆಂಡಿಗೆ 10 ಕಿ.ಮೀ., ಕೇಂದ್ರಗೋಳದಲ್ಲಿ 8 ಕಿ.ಮೀ. ವೇಗ ಬದಲಾಗದಿದ್ದರೆ ಅಲೆಯ ದಾರಿ ನೇರಗೆರೆ, ಅಂಚಿನಲ್ಲಿ ಮಾತ್ರ ತಿರುವು. ಹೀಗಾದರೆ ಕಂಪ್ಯೂಟರ್ ಇಲ್ಲದೆ, ಪಿಯುಸಿಯ ತ್ರಿಕೋನಮಿತಿಯಲ್ಲಿ ಲೆಕ್ಕ ಮಾಡಬಹುದು. ಈ ಭೂಮಿಯಲ್ಲಿ ನೆರಳು ವಲಯ ಖಾಲಿ ಉಳಿಯುತ್ತದೆ. ಆಮೇಲೆ ಕೇಂದ್ರಗೋಳದ ನಡುವೆ ಇನ್ನೊಂದು ಚಿಕ್ಕ ಗೋಳ ಇಟ್ಟರು, ಅದರೊಳಗೆ ವೇಗ ಸ್ವಲ್ಪ ಹೆಚ್ಚು. ಈಗ ಏನಾಗುತ್ತದೆ? ನಿಧಾನದ ಜಾಗದಿಂದ ವೇಗದ ಜಾಗಕ್ಕೆ ಹೊಕ್ಕ ಅಲೆ ಒಳಕ್ಕೆ ಬಾಗುವ ಬದಲು ಹೊರಕ್ಕೆ ತಿರುಗುತ್ತದೆ. ಕೆಲವು ಅಲೆಗಳು ಸಾಕಷ್ಟು ತಿರುಗಿ ನೆರಳು ವಲಯದಲ್ಲೇ ಮೇಲೆ ಬರುತ್ತವೆ. ಬರುವ ಸಮಯವೂ ಕಾಗದದ ಮೇಲಿದ್ದ ಸಮಯಕ್ಕೆ ಹೊಂದುತ್ತದೆ. ಆ ಚಿಕ್ಕ ಗೋಳದ ತ್ರಿಜ್ಯ ಸುಮಾರು 1,400 ಕಿ.ಮೀ. ಇರಬಹುದು ಎಂದು ಅವರ ಲೆಕ್ಕ ಹೇಳಿತು. ಈಗ ನಾವು ಒಪ್ಪಿರುವ ಅಂಕಿ ಸುಮಾರು 1,220. ಅವರ ಕೈಯಲ್ಲಿ ಇದ್ದದ್ದು ಬೊಂಬೆ ಭೂಮಿ ಎಂಬುದನ್ನು ನೆನೆದರೆ ಇದು ಕಡಿಮೆಯೇನಲ್ಲ.

ಪ್ರಬಂಧದಲ್ಲಿ ಎದ್ದುಕಾಣುವುದು ಅದರ ಸಂಯಮ. ಕಂಡುಹಿಡಿದೆ ಎಂಬ ಕೂಗಿಲ್ಲ. ಹೀಗಿದ್ದರೆ ಈ ದಾಖಲೆಗಳು ಅರ್ಥವಾಗುತ್ತವೆ. ಇರುವ ದಾಖಲೆಗಳಿಂದ ಇದು ಸಾಬೀತಾಯಿತು ಎನ್ನಲಾಗದು ಎಂಬ ಧಾಟಿ. ಒಳಗಿನ ಗೋಳ ಗಟ್ಟಿಯೋ ದ್ರವವೋ ಎಂದೂ ಅವರು ತೀರ್ಪು ಕೊಡಲಿಲ್ಲ.

ಗುಟೆನ್‌ಬರ್ಗ್ ಆ ವೇಳೆಗೆ ಕ್ಯಾಲಿಫೋರ್ನಿಯಾ ಸೇರಿದ್ದರು. ಅವರು ಚಾರ್ಲ್ಸ್ ರಿಕ್ಟರ್ ಜೊತೆ ಎರಡೇ ವರ್ಷದಲ್ಲಿ ಒಳ ಕೇಂದ್ರಗೋಳವನ್ನು ಒಪ್ಪಿಕೊಂಡರು. ಜೆಫ್ರೀಸ್ ಸುಲಭಕ್ಕೆ ಒಪ್ಪುವವರಲ್ಲ. 1939ರಲ್ಲಿ ಅವರು, ಸೋರಿಕೆಯ ವಿವರಣೆಯನ್ನೇ ಗಣಿತದಲ್ಲಿ ಪರೀಕ್ಷಿಸಿದರು. ಅಂಚಿನಿಂದ ಸೋರುವ ಕಂಪನ ಅಷ್ಟು ದೂರ, ಅಷ್ಟು ಬಲವಾಗಿ ಹೋಗಲಾರದು ಎಂದು ಬಂತು. ಅಲ್ಲಿಗೆ ಹಳೆಯ ಉತ್ತರ ಬಿದ್ದುಹೋಯಿತು. 1940ರ ದಶಕದಲ್ಲಿ ಫ್ರಾನ್ಸಿಸ್ ಬರ್ಚ್, ಕೀತ್ ಬುಲೆನ್ ಮೊದಲಾದವರು ಒಳಗೋಳ ಗಟ್ಟಿ ಕಬ್ಬಿಣದ್ದಿರಬೇಕು ಎಂದು ವಾದಿಸಿದರು. ಒತ್ತಡ ಅಲ್ಲಿ ಎಷ್ಟಿದೆಯೆಂದರೆ ಅಂಥ ಕಾವಿನಲ್ಲೂ ಕಬ್ಬಿಣ ಕರಗುವ ಹಾಗಿಲ್ಲ. ಗಟ್ಟಿಯೇ ಎಂದು ನಂಬಲರ್ಹವಾದ ಸಾಕ್ಷ್ಯ ಸಿಕ್ಕಿದ್ದು 1971ರಲ್ಲಿ. ದೊಡ್ಡ ಭೂಕಂಪದ ನಂತರ ಇಡೀ ಭೂಮಿ ಗಂಟೆಯ ಹಾಗೆ ಮಿಡಿಯುವ ಬಗೆಯನ್ನು ಆಡಮ್ ಜಿಯೆವೋನ್‌ಸ್ಕಿ ಮತ್ತು ಫ್ರೀಮನ್ ಗಿಲ್ಬರ್ಟ್ ಅಳೆದಾಗ. ಪಿ ಪ್ರೈಮ್ ಬಂದು ಆಗ 35 ವರ್ಷ.

ಲೇಮನ್ ಬಗ್ಗೆ ಈಗ ಜಾಲತಾಣಗಳಲ್ಲಿ ಓಡಾಡುವ ಕಥೆ ಓಟ್ಸ್ ಡಬ್ಬಿಯದ್ದು. ಅವರ ಸಂಬಂಧಿಯೊಬ್ಬರು ಹೇಳಿದ ನೆನಪು ಅದು. ಬೇಸಿಗೆಯ ಭಾನುವಾರ ಲೇಮನ್ ತೋಟದಲ್ಲಿ ಹುಲ್ಲಿನ ಮೇಲೆ ದೊಡ್ಡ ಮೇಜು ಹಾಕಿ ಕೂತಿದ್ದರಂತೆ. ಮೇಜಿನ ತುಂಬ ಓಟ್ಸ್ ಬರುವ ರಟ್ಟಿನ ಡಬ್ಬಿಗಳು, ಅದರೊಳಗೆ ರಟ್ಟಿನ ಚೀಟಿಗಳು, ಚೀಟಿಗಳಲ್ಲಿ ಜಗತ್ತಿನ ಭೂಕಂಪಗಳ ಹೊತ್ತು, ಊರು, ಅಲೆ ಬಂದ ಸಮಯ. ಕಥೆ ಚೆನ್ನಾಗಿದೆ, ನಿಜವೂ ಹೌದು. ಆದರೆ ಅದನ್ನು ಹೇಳುವ ರೀತಿ ನಮಗೆ ಹಿಡಿಸುವುದಿಲ್ಲ. ಅಡುಗೆಮನೆಯ ಡಬ್ಬಿಯಿಂದ ಹೆಣ್ಣುಮಗಳೊಬ್ಬಳು ಭೂಮಿಯ ಗುಟ್ಟು ಬಿಡಿಸಿದಳು ಎಂಬಂತೆ ಬರೆಯುತ್ತಾರೆ. ಗಂಡು ವಿಜ್ಞಾನಿಯೊಬ್ಬ ಸಿಗರೇಟು ಪ್ಯಾಕಿನ ಹಿಂದೆ ಲೆಕ್ಕ ಬರೆದರೆ ಯಾರೂ ಸಿಗರೇಟಿಗೆ ಹೆಸರು ಕೊಡುವುದಿಲ್ಲ. ಡಬ್ಬಿ ಕಂಪ್ಯೂಟರ್ ಇಲ್ಲದ ಕಾಲದ ಕಪಾಟು, ಅಷ್ಟೇ. ಹತ್ತು ವರ್ಷ ದಿನವೂ ಗೆರೆ ಓದಿದ ಕಣ್ಣು ಇಲ್ಲದಿದ್ದರೆ ಚೀಟಿ ಎಷ್ಟಿದ್ದರೂ ಏನು?

ಗಂಡಸರ ವಿಷಯ ಬಂತಾದ್ದರಿಂದ ಹೇಳಿಬಿಡುತ್ತೇವೆ. ಅದೇ ಸಂಬಂಧಿಗೆ ಲೇಮನ್ ಒಮ್ಮೆ, ತಾನು ಎಷ್ಟೊಂದು ಅಸಮರ್ಥ ಗಂಡಸರ ಜೊತೆ ಪೈಪೋಟಿ ಮಾಡಿ ಸೋಲಬೇಕಾಯಿತು ಎಂಬರ್ಥದ ಮಾತು ಹೇಳಿದ್ದರಂತೆ. 1950ರ ದಶಕದ ಆರಂಭದಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಭೂಭೌತವಿಜ್ಞಾನದ ಪ್ರಾಧ್ಯಾಪಕ ಹುದ್ದೆಗೆ ಅವರ ಹೆಸರು ಬಂತು, ಹುದ್ದೆ ಸಿಗಲಿಲ್ಲ. ಆ ಹೊತ್ತಿಗೆ ಅವರ ಸಂಶೋಧನೆ ಜಗತ್ತಿನ ಪಠ್ಯಪುಸ್ತಕಗಳಲ್ಲಿತ್ತು.

1953ರಲ್ಲಿ, 65ನೇ ವಯಸ್ಸಿಗೆ, ಸರ್ಕಾರಿ ಕೆಲಸದಿಂದ ನಿವೃತ್ತರಾದರು. ಆಮೇಲೆ ಅಮೆರಿಕಕ್ಕೆ ಹಲವು ಸಲ ಹೋಗಿ ನ್ಯೂಯಾರ್ಕ್ ಹತ್ತಿರದ ಲ್ಯಾಮಾಂಟ್ ಸಂಶೋಧನಾಲಯದಲ್ಲಿ ಮಾರಿಸ್ ಯೂಯಿಂಗ್ ಮೊದಲಾದವರ ಜೊತೆ ಕೆಲಸ ಮಾಡಿದರು. ದಿನನಿತ್ಯದ ನಿಲ್ದಾಣದ ತಾಪತ್ರಯ ಇಲ್ಲದೆ ಸಂಶೋಧನೆ ಮಾಡಿದ್ದು ಜೀವನದಲ್ಲಿ ಆಗಲೇ. ಈ ಬಾರಿ ಅವರು ನೋಡಿದ್ದು ಮ್ಯಾಂಟಲ್‌ನ ಮೇಲ್ಭಾಗವನ್ನು. ಸುಮಾರು 220 ಕಿ.ಮೀ. ಆಳದಲ್ಲಿ ಅಲೆಗಳ ವೇಗ ಥಟ್ಟನೆ ಏರುತ್ತದೆ ಎಂದು ತೋರಿಸಿದರು. ಅದಕ್ಕೆ ಈಗ ಲೇಮನ್ ಅಂಚು ಎಂದೇ ಹೆಸರು.

ಈ ಕೆಲಸಕ್ಕೆ ಅವರು ಪರಮಾಣು ಸ್ಫೋಟಗಳ ದಾಖಲೆಗಳನ್ನೂ ಬಳಸಿದರು. ಭೂಕಂಪ ಎಲ್ಲಿ, ಎಷ್ಟು ಹೊತ್ತಿಗೆ ಆಯಿತು ಎಂಬುದನ್ನು ಅಲೆಗಳಿಂದಲೇ ಊಹಿಸಬೇಕು. ಬಾಂಬಿನದು ಹಾಗಲ್ಲ, ಜಾಗವೂ ಗೊತ್ತು, ಕ್ಷಣವೂ ಗೊತ್ತು. ಭೂಮಿಯ ಒಳಗನ್ನು ತಿಳಿಯಲು ಮನುಷ್ಯನಿಗೆ ಸಿಕ್ಕ ಚೊಕ್ಕ ಪ್ರಯೋಗ ಬಾಂಬ್ ಎಂಬುದು ಸಂಕಟದ ಸಂಗತಿ. ಬೇರೆಯವರ ಬಾಂಬ್ ಪರೀಕ್ಷೆಯನ್ನು ಪತ್ತೆಹಚ್ಚಬೇಕೆಂಬ ಹಟದಿಂದಲೇ 1960ರ ದಶಕದಲ್ಲಿ ಜಗತ್ತಿನ ತುಂಬ ಒಳ್ಳೆಯ ಭೂಕಂಪ ನಿಲ್ದಾಣಗಳು ಎದ್ದವು.

ಅವುಗಳಲ್ಲಿ ಒಂದು ನಮ್ಮಲ್ಲೇ ಇದೆ, ಗೌರಿಬಿದನೂರಿನಲ್ಲಿ. ಬ್ರಿಟನ್ನಿನ ಪರಮಾಣು ಸಂಸ್ಥೆಯ ಸಹಕಾರದಿಂದ ಭಾರತದ ಅಣುಶಕ್ತಿ ಇಲಾಖೆ 1965ರಲ್ಲಿ ಅದನ್ನು ಸ್ಥಾಪಿಸಿತು. ಇಂಗ್ಲಿಷ್ ‘ಎಲ್’ ಅಕ್ಷರದ ಆಕಾರದಲ್ಲಿ, ಹೊಲ ಬಯಲುಗಳ ನಡುವೆ, 20 ಕಂಪನಮಾಪಕಗಳ ಎರಡು ಸಾಲು. ಜಾತ್ರೆಯ ಗದ್ದಲದಲ್ಲಿ ಒಬ್ಬನ ಕೂಗು ಕೇಳಿಸುವುದಿಲ್ಲ, ಇಪ್ಪತ್ತು ಜನ ಒಂದೇ ಮಾತನ್ನು ಒಟ್ಟಿಗೆ ಕೂಗಿದರೆ ಕೇಳಿಸುತ್ತದೆ. ಇಲ್ಲಿಯೂ ಹಾಗೆ. ಇಪ್ಪತ್ತೂ ಮಾಪಕಗಳ ಗೆರೆಗಳನ್ನು ಅಲೆ ಬಂದ ದಿಕ್ಕಿಗೆ ತಕ್ಕಂತೆ ಸರಿಸಿ ಕೂಡಿಸಿದರೆ ಲಾರಿ, ಗಾಳಿ, ಪಂಪ್‌ಸೆಟ್ಟುಗಳ ಸಣ್ಣ ನಡುಕ ಒಂದನ್ನೊಂದು ಹೊಡೆದುಹಾಕಿ, ದೂರದಿಂದ ಬಂದ ಅಲೆ ಮಾತ್ರ ಉಳಿಯುತ್ತದೆ. ಇಂಥ ಸಾಲು ಮಾಪಕಗಳ ಕಾಲದಲ್ಲೇ, 1970ರ ಹೊತ್ತಿಗೆ, ಒಳ ಕೇಂದ್ರಗೋಳದ ಮೇಲ್ಮೈಗೆ ಬಡಿದು ವಾಪಸ್ಸು ಬಂದ ಅತಿ ಸಣ್ಣ ಪ್ರತಿಧ್ವನಿಯೂ ವಿಜ್ಞಾನಿಗಳಿಗೆ ಸಿಕ್ಕಿತು. ಲೇಮನ್ ಊಹಿಸಿದ್ದ ಅಂಚು ಮಸುಕಾದದ್ದಲ್ಲ, ಚೂಪಾಗಿಯೇ ಇದೆ ಎಂದು ಅದು ತೋರಿಸಿತು.

ಗೌರವಗಳು ತಡವಾಗಿ ಬಂದವು. 1969ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವಿದೇಶಿ ಸದಸ್ಯತ್ವ. 1971ರಲ್ಲಿ, 83ನೇ ವಯಸ್ಸಿಗೆ, ಅಮೆರಿಕದ ಭೂಭೌತವಿಜ್ಞಾನಿಗಳ ಒಕ್ಕೂಟದ ಬೋವಿ ಪದಕ. ಅದನ್ನು ಪಡೆದ ಮೊದಲ ಮಹಿಳೆ ಅವರು. ಪ್ರಾಧ್ಯಾಪಕ ಹುದ್ದೆ ಕೊಡದ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಮುಂದಿನ ಚೌಕದಲ್ಲಿ 2017ರಲ್ಲಿ ಅವರ ಸ್ಮಾರಕ ಎದ್ದಿತು. ಅದನ್ನು ನೋಡಲು ಅವರಿರಲಿಲ್ಲ. 1993ರ ಫೆಬ್ರುವರಿ 21ರಂದು, 104ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಅದಕ್ಕೆ ಆರು ವರ್ಷ ಮುಂಚೆ, 1987ರಲ್ಲಿ, ಹಳೆಯ ಕಾಲದ ಭೂಕಂಪ ವಿಜ್ಞಾನದ ಬಗ್ಗೆ ಅವರು ಒಂದು ಸಣ್ಣ ಲೇಖನ ಬರೆದರು. ಅದರಲ್ಲಿ ಒಂದು ಭಾನುವಾರದ ಬೆಳಗಿನ ನೆನಪಿದೆ. ಆಗ ಅವರಿಗೆ ಹದಿನೈದೋ ಹದಿನಾರೋ ವಯಸ್ಸು. 1904ರ ಅಕ್ಟೋಬರ್ 23ರಂದು ಸ್ಕ್ಯಾಂಡಿನೇವಿಯಾದಲ್ಲಿ ಒಂದು ಭೂಕಂಪವಾಗಿತ್ತು, ಆ ದಿನ ಭಾನುವಾರವೇ. ಅವರು ಹೇಳುವುದು ಇದೇ ಇರಬೇಕು. ತಾಯಿ, ತಂಗಿಯ ಜೊತೆ ಮನೆಯಲ್ಲಿ ಕೂತಿದ್ದಾಗ ಕಾಲಕೆಳಗಿನ ನೆಲ ಸರಿದಂತಾಯಿತು. ತೂಗುದೀಪ ಅತ್ತಿತ್ತ ಓಲಾಡಿತು. ಏನೆಂದು ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ತಂದೆ ಕೋಣೆಯೊಳಗೆ ಬಂದು, ಈಗ ಆದದ್ದು ಭೂಕಂಪ ಎಂದರು.